ಹವಾ ಬದಲಿಯ ಬಂಗಲೆ

ಮುಂಬೈಯ ಜನ ದುಡ್ಡು ಕೊಟ್ಟು ಗಾಳಿ ತಿನ್ನಲಿಕ್ಕೆ ಬರುತ್ತಾರೆಂದು ಮಗ ಹೇಳಿದಾಗ ದುರಗವ್ವ ರೊಟ್ಟಿ ತಟ್ಟುವ ಕೈಯನ್ನೇನೂ ನಿಲ್ಲಿಸಲಿಲ್ಲ.

“ಯಾವ ಗಾಳಿ?” ಎಂದಳು.

“ನಮ್ಮ ಗಾಳಿ, ಯವ್ವ. ಒಣಾ ಹವಾ. ಎದಿಗೆ ಛಲೋ ಅಂತ ಅಲ್ಲಿ ಡಾಕ್ಟರ ಚೀಟಿ ಬರದ ಕೊಡ್ತಾರಂತ.”

“ಹಂಗಾರ ಒಂದ ಚೀಲದಾಗ ತುಂಬಿ ರೈಲಿಗೆ ಹಾಕು. ಅದಕ್ಕ ಅವರು ಇಲ್ಲೀತನಕಾ ಯಾಕ ಬರಬೇಕು?”

ಸೊಸೆ ಶೇವಂತೆವ್ವ ಒಲೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕಳು. ನೀಲಪ್ಪ ನಗಲಿಲ್ಲ. ಧಾರವಾಡದ ಒಂದು ಕಚೇರಿಯಲ್ಲಿ ಆರು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಮೇಲಿನವರು ನಕ್ಕಾಗ ಮಾತ್ರ ನಗು ಬರುತ್ತಿತ್ತು. ಈ ಗಾಳಿಯ ವಿಚಾರವನ್ನು ಅವನ ತಲೆಗೆ ತುಂಬಿದವನೂ ಮೇಲಿನವನೇ. “ನಿಮ್ಮದೊಂದು ಹಳೇ ಬಂಗಲೆ ಇದೆಯಂತಲ್ಲ, ದುರಸ್ತಿ ಮಾಡಿಸಿ ಬೇಸಿಗೆಗೆ ಬಾಡಿಗೆ ಕೊಡಿ” ಎಂದು ಸಾಹೇಬ ಚಹಾ ಹೀರುತ್ತ ಅಂದಿದ್ದ. ಅವನು ಅದನ್ನು ಮರೆತಿರಬೇಕು. ನೀಲಪ್ಪ ಪಗಾರದ ಮೇಲೆ ಸಾಲ ಎತ್ತಿಕೊಂಡೇ ಮನೆಗೆ ಬಂದಿದ್ದ.

ಬಂಗಲೆ ಇದ್ದದ್ದು ಅಮರಗೋಳ ದಾಟಿ, ಧಾರವಾಡದ ರಸ್ತೆಯಿಂದ ಅರ್ಧ ಮೈಲು ಒಳಗೆ, ಒಂದು ಕಲ್ಲುದಿಬ್ಬದ ಮೇಲೆ. ಮೂರು ದೊಡ್ಡ ಕೋಣೆ, ಸುತ್ತ ವರಾಂಡಾ, ಹಿಂದೆ ಕುದುರೆ ಲಾಯ, ಮಗ್ಗುಲಿಗೆ ಕಲ್ಲು ಕಟ್ಟಿದ ಬಾವಿ, ನಾಲ್ಕೆಕರೆ ಕುರುಚಲು. ರೇಲ್ವೆಯ ಒಬ್ಬ ಇಂಗ್ಲಿಷ್ ಇಂಜಿನಿಯರು ಬೇಟೆಯ ಹುಚ್ಚಿಗೆ ಕಟ್ಟಿಸಿಕೊಂಡದ್ದು. ದುರಗವ್ವನ ಗಂಡ ಮೈಲಾರಪ್ಪ ಹದಿನೆಂಟು ವರ್ಷ ಅವನ ಬುಟ್ಲೇರನಾಗಿದ್ದ. ದುರಗವ್ವ ಆ ಇಂಜಿನಿಯರನ ಮಕ್ಕಳನ್ನು ಎತ್ತಿ ಆಡಿಸಿದವಳು. ನಲವತ್ತೇಳರಲ್ಲಿ ಅವರು ಗಂಟುಮೂಟೆ ಕಟ್ಟಿದಾಗ ಆ ಕಲ್ಲುದಿಬ್ಬವನ್ನು ಯಾವ ಸಾಹುಕಾರನೂ ಕೇಳಲಿಲ್ಲ. ಮೈಲಾರಪ್ಪನ ಉಳಿತಾಯಕ್ಕೆ ದುರಗವ್ವನ ಕೊರಳ ಬೋರಮಾಳ ಮಾರಿದ ದುಡ್ಡು ಕೂಡಿಸಿ ಇವರೇ ಕೊಂಡರು. ಮೇಮ್‌ಸಾಹೇಬಳು ಕಾಗದವನ್ನು ದುರಗವ್ವನ ಹೆಸರಿಗೇ ಮಾಡಿಸಿದಳು. ಮೈಲಾರಪ್ಪನ ಹೆಸರಿಗಾದರೆ, ಮೊದಲು ಶಾಬಾಸ್ ಅಂದವನಿಗೆ ಅವನು ಬರೆದುಕೊಟ್ಟುಬಿಡುತ್ತಾನೆಂದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ದುರಗವ್ವನಿಗೆ ಕೋಣೆಗಳ ಮೇಲೆ ಅಂಥ ಮೋಹವಿರಲಿಲ್ಲ. ಆಕೆಗೆ ಬೇಕಾದದ್ದು ಬಾವಿ. ತವರೂರಿನಲ್ಲಿ ಬಾವಿಯಿಂದ ಹತ್ತು ಮಾರು ದೂರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಬಂದು ಸುರುವಿಯಾರೆಂದು ಕೂತು ಕೂತು ಬೆಳೆದವಳು ಆಕೆ. ಈಗ ಹದಿನೈದು ವರ್ಷದಿಂದ ತನ್ನ ಹಗ್ಗ, ತನ್ನ ಕೊಡ, ತನ್ನ ನೀರು. ಬೇಡವಾದ ದಿನವೂ ಎರಡು ಕೊಡ ಸೇದಿ ಗಿಡಕ್ಕೆ ಹಾಕುತ್ತಿದ್ದಳು. ಗಿಡಕ್ಕೆ ಬೇಕಿತ್ತೋ ಇಲ್ಲವೋ, ಆಕೆಯ ಕೈಗೆ ಬೇಕಿತ್ತು.

ಮಾರ್ಚ್ ತಿಂಗಳಿಗೆ ಹುಬ್ಬಳ್ಳಿಯಿಂದ ಬಾಬುಸಾಬ ಗೌಂಡಿ ಸೈಕಲ್ಲಿಗೆ ಕರಣಿ ಕಟ್ಟಿಕೊಂಡು ಬಂದ. ಒಡೆದ ಹಂಚು ಬದಲಾಯಿಸಿದ, ಗೋಡೆಗೆ ಸುಣ್ಣ ಹೊಡೆದ, ಬಾಗಿಲಿಗೆ ಹಸಿರು ಬಣ್ಣ ಬಳಿದ. ಅಷ್ಟಕ್ಕೇ ನಿಂತಿದ್ದರೆ ಬದುಕಬಹುದಿತ್ತು. ಆದರೆ ಅತಿಥಿಗಳು ಬರುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮೈಲಾರಪ್ಪನ ಬೆನ್ನು ನೆಟ್ಟಗಾಗಿತ್ತು. ಅರವತ್ತೈದರ ಮುದುಕ ಬೆಳಗಿನಿಂದ ಸಂಜೆಯವರೆಗೆ ಗೌಂಡಿಯ ಹಿಂದೆ ತಿರುಗಿದ.

“ಬಾಬುಸಾಬ, ಮೊದಲ ಆ ಬೆಂಕಿಗೂಡು ರಿಪೇರಿ ಮಾಡು. ಸಾಹೇಬ್ರು ಅದರ ಮುಂದ ಕಾಲು ಚಾಚಿ ಕೂಡ್ತಾರ.”

“ಮೇ ತಿಂಗಳದಾಗ ಬೆಂಕಿ ಯಾವಂವ ಕಾಸ್ಕೋತಾನೋ ಮಾಮಾ?”

“ನಿನಗೇನ ಗೊತ್ತು? ಬಂಗಲೆ ಅಂದಮ್ಯಾಲೆ ಬೆಂಕಿಗೂಡು ಇರಬೇಕು.”

ಒಂದು ದಿನ ಅವನು ರೇಲ್ವೆಯ ಗುಜರಿ ಲಿಲಾವಿನಿಂದ ಚಕ್ಕಡಿಯ ಮೇಲೆ ಒಂದು ತಗಡಿನ ತೊಟ್ಟಿ ಹೇರಿಸಿಕೊಂಡು ಬಂದ. ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ.

“ಎಮ್ಮಿ ತಗೋಳವ್ರೇನು?” ಎಂದು ಬಾಬುಸಾಬ ಕೇಳಿದ.

“ಸ್ನಾನದ ತೊಟ್ಟಿಲೇ ಅದು! ಅದರಾಗ ಮಲಗಿ ಸ್ನಾನ ಮಾಡ್ತಾರ.”

“ಯಾರು?” ಎಂದಳು ದುರಗವ್ವ. “ಬರಾವ್ರು ಮುಂಬೈದಾಗಿನ ಶೆಟ್ಟಿ ಸಾಹುಕಾರರು. ಇಂಗ್ಲೆಂಡಿನ ಮಂದಿ ಹೋಗಿ ಹದಿನೈದ ವರ್ಷಾತು. ನಿಮಗ ಯಾರೂ ಹೇಳಿಲ್ಲೇನ್ರಿ?”

ಮೈಲಾರಪ್ಪನಿಗೆ ಉತ್ತರ ಕೊಡುವ ಪುರುಸೊತ್ತಿರಲಿಲ್ಲ. ಬಿಳಿ ಕೋಟಿನ ಹಿತ್ತಾಳೆ ಗುಂಡಿಗಳಿಗೆ ಹುಣಸೆಹಣ್ಣು ತಿಕ್ಕುತ್ತ ಕೂತಿದ್ದ.

ಏಪ್ರಿಲ್ ಮಧ್ಯದಲ್ಲಿ ಸಂಸಾರ ಬಂಗಲೆಯಿಂದ ಲಾಯಕ್ಕೆ ಹೋಯಿತು. ಹಾಸಿಗೆ, ಕಾಳಿನ ಡಬ್ಬಿ, ರುಬ್ಬುವ ಕಲ್ಲು, ಎರಡು ಟ್ರಂಕು, ಐದು ಕೋಳಿ.

“ಕುದರಿ ಇದ್ದ ಜಾಗಾದಾಗ ನಾ ಮಲಗೂದಿಲ್ಲ,” ಎಂದಳು ಶೇವಂತೆವ್ವ.

“ಎರಡ ತಿಂಗಳ ಮಾತು,” ಎಂದ ನೀಲಪ್ಪ.

“ಕುದರೀಗೂ ಹಂಗ ಹೇಳಿದ್ರೇನು?”

ನೀಲಪ್ಪ ನಾಲ್ಕು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡು ಬಂದಾಗ ಬಂಗಲೆಯ ನಡುಕೋಣೆಯಲ್ಲಿ ಬುದ್ಧನ ಪಟವನ್ನು ತಾನೇ ಮೊಳೆ ಹೊಡೆದು ತೂಗುಹಾಕಿದ್ದ. ಈಗ ಅದನ್ನು ತಾನೇ ಇಳಿಸಿ, ಟವೆಲಿನಲ್ಲಿ ಸುತ್ತಿ ಲಾಯಕ್ಕೆ ತಂದ. ಆ ಮೊಳೆಗೆ ಮಂಜಿನ ಬೆಟ್ಟವೂ ಸರೋವರವೂ ಇದ್ದ ಒಂದು ಕ್ಯಾಲೆಂಡರು ನೇತುಹಾಕಿದ.

“ಅವನೂ ಲಾಯಕ್ಕ ಬಂದ್ನೇನು?” ಎಂದಳು ದುರಗವ್ವ. “ಬರ್ಲಿ ಬಿಡು. ಅರಮನಿ ಬಿಟ್ಟು ಬಂದಾಂವ, ಅವಗ ರೂಢಿ ಐತಿ.”

ಅಡಿಗೆಯವನು ಬಂದದ್ದು ಅದಾದ ವಾರಕ್ಕೆ. ಮುರುಗೆಪ್ಪ ಎಂದು ಹೆಸರು. ಹುಬ್ಬಳ್ಳಿಯ ಯಾವುದೋ ಖಾನಾವಳಿಯಲ್ಲಿ ಹತ್ತು ವರ್ಷ ಪಲ್ಯ ಬೇಯಿಸಿದವನು. ಒಂದು ಟ್ರಂಕು, ಎರಡು ತಾಮ್ರದ ಕೊಡ, ಹೊಸ ಹಗ್ಗ ತಂದಿದ್ದ. ಬಂದವನು ಅಡಿಗೆಮನೆಯನ್ನು ನೋಡಲಿಲ್ಲ. ಮೊದಲು ಬಾವಿ ನೋಡಿದ, ಆಮೇಲೆ ಬಾವಿಯ ಹತ್ತಿರ ನಿಂತಿದ್ದ ದುರಗವ್ವನನ್ನು ನೋಡಿದ, ಆಮೇಲೆ ನೀಲಪ್ಪನನ್ನು ಆಚೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದ.

ಆ ಸಂಜೆ ಊಟಕ್ಕೆ ಪುಂಡಿಪಲ್ಯ, ರೊಟ್ಟಿ ಇತ್ತು. ನೀಲಪ್ಪ ತಾಟಿನಿಂದ ತಲೆ ಎತ್ತದೆ ಹೇಳಿದ:

“ಯವ್ವ, ನಾಳಿಂದ ನೀ ಬಾವಿ ಕಡೆ ಹೋಗಬ್ಯಾಡ.”

“ಯಾಕ, ಜಾರತೈತೇನು?”

“ಮುರುಗೆಪ್ಪ ಸೇದತಾನ. ಅವನ ಹಗ್ಗ, ಅವನ ಕೊಡ. ಒಂದಾ ಬಾವ್ಯಾಗ ಎಲ್ಲಾರೂ ಸೇದೂದು ಸರಿ ಕಾಣೂದಿಲ್ಲ.”

“ಯಾರಿಗೆ?”

ನೀಲಪ್ಪ ದೊಡ್ಡ ತುತ್ತು ಬಾಯಿಗಿಟ್ಟುಕೊಂಡ.

“ಯಾರಿಗೋ ನೀಲ್ಯಾ? ಬಾಯಾಗ ತುತ್ತ ಐತಂತ ಸುಮ್ಮನ ಕೂಡಬ್ಯಾಡ. ನುಂಗಿ ಹೇಳು.”

“ಬರೋ ಮಂದಿಗೆ. ಅವರು ಪೂಜಿ ಪುನಸ್ಕಾರದವರು. ಕಾಯ್ದೆ ಐತಿ, ಇಲ್ಲನ್ನೂದಿಲ್ಲ. ಆದ್ರ ಮಂದಿ ಹೊಟ್ಟಿ ಕಾಯ್ದೆ ಕೇಳೂದಿಲ್ಲ. ನೀ ಮುಟ್ಟಿದ ಬಾವಿ ನೀರಾಗ ಅಡಿಗಿ ಮಾಡೂದಿಲ್ಲ ಅಂತಾನ ಇಂವ. ಅಡಿಗಿ ಇಲ್ಲಂದ್ರ ಅವರು ಬರೂದಿಲ್ಲ. ಅವರು ಬರಲಿಲ್ಲಂದ್ರ ಈ ಸಾಲಾ ಯಾರ ತೀರಸ್ತಾರ?”

“ಯಾರ ಎತ್ತಿದ್ರೋ ಅವರು.”

ಮೈಲಾರಪ್ಪ ನಡುವೆ ಬಾಯಿ ಹಾಕಿದ: “ಲೇ ದುರಗಿ, ಸಾಹೇಬ್ರ ಕಾಲದಾಗೂ ಅಡಗಿಮನಿ ನೀರು ಬ್ಯಾರೇನ ಇತ್ತು.”

“ಸಾಹೇಬ್ರ ಕಾಲದಾಗ ಬಾವಿ ಸಾಹೇಬ್ರದಿತ್ತು.”

ಶೇವಂತೆವ್ವ ಗಂಡನ ತಾಟಿಗೆ ಪಲ್ಯ ಬಡಿಸಲು ಎತ್ತಿದ ಚಮಚವನ್ನು ಹಾಗೇ ಪಾತ್ರೆಗೆ ಇಳಿಸಿದಳು.

“ಎರಡ ತಿಂಗಳು,” ಎಂದಳು ದುರಗವ್ವ ಕೊನೆಗೆ. “ನಿನ್ನ ಸಾಲದ ಮಾರಿ ನೋಡಿ. ಎರಡಂದ್ರ ಎರಡು. ಆಮ್ಯಾಲೆ ಆ ಪಲ್ಯದಾಂವ ಬಾವಿ ಹತ್ರ ಕಂಡ್ರ ಅವನ್ನ ಹಗ್ಗಕ್ಕ ಕಟ್ಟಿ ಒಳಗ ಬಿಡ್ತೇನಿ.”

ಮರುದಿನದಿಂದ ಅತ್ತೆ ಸೊಸೆ ದಿಬ್ಬ ಇಳಿದು ಹಳ್ಳಕ್ಕೆ ಹೋದರು. ಹಳ್ಳ ಒಣಗಿತ್ತು. ಉಸುಕು ಬಗೆದು ಕೈಯಗಲದ ವರತೆ ಮಾಡಿ, ಬಟ್ಟಲಿನಿಂದ ಬಟ್ಟಲು ತುಂಬಿ ಒಂದು ಕೊಡ ಮಾಡಲಿಕ್ಕೆ ಅರ್ಧ ತಾಸು ಬೇಕಾಗುತ್ತಿತ್ತು. ಅದನ್ನು ಹೊತ್ತು ದಿಬ್ಬ ಏರಿ ಬರುವಾಗ ಎಡಗಡೆಗೆ ತಮ್ಮದೇ ಬಾವಿ ಕಾಣುತ್ತಿತ್ತು. ಮುರುಗೆಪ್ಪ ಅದರ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದ.

ಮೇ ಮೊದಲ ವಾರ ಬಾಡಿಗೆ ಕಾರಿನಲ್ಲಿ ಅತಿಥಿಗಳು ಬಂದರು. ಗುರುಶಿದ್ದಪ್ಪ ಎಂಬ ಅರಳೆ ವ್ಯಾಪಾರಿ, ಅವನ ಹೆಂಡತಿ ದೇವಕ್ಕ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮುಂಬೈಗೆ ಹೋಗಿ ಮೂವತ್ತು ವರ್ಷ. ಹುಬ್ಬಳ್ಳಿಯಲ್ಲಿ ಹುಟ್ಟಿದವನು ಅಮರಗೋಳದ ಗಾಳಿ ತಿನ್ನಲಿಕ್ಕೆ ಮುಂಬೈಯಿಂದ ಕಾಸು ಖರ್ಚು ಮಾಡಿಕೊಂಡು ಬಂದಿದ್ದಾನೆಂದು ತಿಳಿದಾಗ ದುರಗವ್ವನಿಗೆ ಆ ಡಾಕ್ಟರನ ಮೇಲೆ ಗೌರವವೇ ಹುಟ್ಟಿತು. ನೀಲಪ್ಪ ಹೊಸ ಪ್ಯಾಂಟು ತೊಟ್ಟು, ಊರಿನ ಹೆಸರಿಗೆ ‘ಕರ’ ಎಂಬ ಬಾಲ ಅಂಟಿಸಿಕೊಂಡು, “ನಾನ್ರಿ ಬಂಗಲೆಯ ಮಾಲಕ, ಎನ್. ಎಂ. ಅಮರಗೋಳಕರ” ಎಂದು ಕೈ ಮುಗಿದ. ಲಾಯದ ಸುದ್ದಿ ತೆಗೆಯದೆ, ತಾನು ಧಾರವಾಡದಲ್ಲಿ ಇರುತ್ತೇನೆಂದೂ ಹೇಳಿಕೊಂಡ.

ಮರುದಿನ ಬೆಳಿಗ್ಗೆ ಐದೂವರೆಗೆ ಮೈಲಾರಪ್ಪ ಬಿಳಿ ಕೋಟು ತೊಟ್ಟು, ತಾಟಿನಲ್ಲಿ ಚಹಾದ ಕೆಟಲು, ಎರಡು ಬಿಸ್ಕೀಟು ಇಟ್ಟುಕೊಂಡು ಅವರ ಮಲಗುವ ಕೋಣೆಯ ಬಾಗಿಲು ಬಡಿದ. ಹದಿನೆಂಟು ವರ್ಷ ಹೀಗೇ ಬಡಿದವನು. ಬೇರೆ ಥರದ ಅತಿಥಿ ಭೂಮಿಯ ಮೇಲೆ ಇದ್ದಾನೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವನು ಕೇಳುತ್ತಿರಲಿಲ್ಲ. ದೇವಕ್ಕ ಬಾಗಿಲು ತೆಗೆದಳು.

“ಯಾರ ನೀ?”

“ಛೋಟಾ ಹಾಜರಿ, ಮೇಮ್‌ಸಾಬ್.”

“ಏನು? ಜಳಕಾ ಇಲ್ಲ, ಪೂಜಿ ಇಲ್ಲ, ಹಾಸಿಗ್ಯಾಗ ಚಹಾ? ಅದೂ ನಿನ್ನ ಕೈಯಾಗಿಂದ? ಮುರುಗೆಪ್ಪಾ! ಏ ಮುರುಗೆಪ್ಪಾ!”

ಲಾಯದ ಬಾಗಿಲಲ್ಲಿ ಕೋಳಿಗೆ ಕಾಳು ಎರಚುತ್ತಿದ್ದ ದುರಗವ್ವ ನೋಡಿದ್ದು ಇಷ್ಟು: ಮೈಲಾರಪ್ಪ ತಾಟನ್ನು ಓರೆ ಮಾಡದೆ, ಬೆನ್ನು ತೋರಿಸದೆ, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ವರಾಂಡಾದಿಂದ ಇಳಿದು ಬಂದ. ಒಂದು ಹನಿ ಚೆಲ್ಲಲಿಲ್ಲ. ಲಾಯಕ್ಕೆ ಬಂದು ಆ ಚಹಾವನ್ನು ತಾನೇ ಕುಡಿದ.

“ಸಾಹೇಬ್ರ ಮಂದಿ ಹಿಂಗಿದ್ದಿಲ್ಲ,” ಎಂದ.

“ಅವರೂ ಹಿಂಗ ಇದ್ರು. ನಿಮಗ ಇಂಗ್ಲೀಷ್ ತಿಳೀತಿದ್ದಿಲ್ಲ,” ಎಂದಳು ದುರಗವ್ವ.

ಅದೇ ವಾರದ ಒಂದು ಮಧ್ಯಾಹ್ನ. ದುರಗವ್ವ ಹಳ್ಳದಿಂದ ಕೊಡ ಹೊತ್ತು ಬಂಗಲೆಯ ಮುಂದಿನ ದಾರಿಯಿಂದ ಬಂದಳು. ಹಿಂದಿನ ದಾರಿಯಲ್ಲಿ ಮುಳ್ಳು ಜಾಸ್ತಿ. ವರಾಂಡಾದಲ್ಲಿ ಗಂಡ ಹೆಂಡತಿ ಕುರ್ಚಿಯ ಮೇಲೆ ಕೂತಿದ್ದರು. ಭಾನುವಾರವಾದ್ದರಿಂದ ನೀಲಪ್ಪ ಎದುರಿಗೆ ನಿಂತು ಊರಿನ ಹವೆಯನ್ನು ಬಣ್ಣಿಸುತ್ತಿದ್ದ.

“ಆ ಮುದುಕಿ ಯಾರ್ರೀ?” ಎಂದು ದೇವಕ್ಕ ಕೇಳಿದಳು. “ದಿನಾ ಕಾಣತಾಳ.”

“ಅಕಿರಿ… ಮೊದಲಿಂದ ಇಲ್ಲೇ ಇರಾಕಿ. ಕಸಾಮುಸರಿ ನೋಡ್ಕೋತಾಳ.” ನೀಲಪ್ಪ ಈ ಕಡೆ ತಿರುಗಿದ. “ಏ ದುರಗವ್ವ, ಹಿಂದಿನ ದಾರೀಲೆ ಹೋಗಬೇಕು. ಎಷ್ಟ ಸಲ ಹೇಳಬೇಕು ನಿನಗ?”

ದುರಗವ್ವ ಕೊಡದ ಕೆಳಗೆ ನಿಂತಳು. ನೀರು ತುಳುಕಿ ಕಿವಿಯ ಹಿಂದೆ ಇಳಿಯಿತು. ತನ್ನ ಹೆಸರನ್ನು ಮಗನ ಬಾಯಲ್ಲಿ ಆಕೆ ಕೇಳಿದ್ದು ಅದೇ ಮೊದಲು. ಸ್ಪಷ್ಟವಾಗಿ ಅಂದಿದ್ದ, ಸಾಲಿ ಕಲಿಸಿದ್ದು ಅಷ್ಟಕ್ಕಾದರೂ ಬಂತು.

“ಆತ್ರಿ ಸಾಹೇಬ್ರ,” ಎಂದು ಮುಳ್ಳಿನ ದಾರಿಗೆ ತಿರುಗಿದಳು.

ಸಂಜೆ ನೀಲಪ್ಪ ಊಟಕ್ಕೆ ಲಾಯಕ್ಕೆ ಬಂದಾಗ ಅವನ ತಾಟು ಹೊಸ್ತಿಲಿನ ಹೊರಗೆ ಇತ್ತು.

“ಬರ್ರಿ ಅಮರಗೋಳಕರ ಸಾಹೇಬ್ರ. ಒಳಗ ಕಸಾಮುಸರಿ ಮಂದಿ ಐತಿ, ನಿಮಗ ಹೇಸಿಗಿ ಆದೀತು.”

“ಯವ್ವ, ತಿಳ್ಕೋ ಸ್ವಲ್ಪ. ಅದು ಬರೇ ಬಾಯಿಮಾತು.”

“ಇದೂ ಬರೇ ರೊಟ್ಟಿ. ತಿನ್ರಿ.”

ತಿಂದ. ಹೊರಗೆ ಕೂತೇ ತಿಂದ. ದುರಗವ್ವನಿಗೆ ಸಿಟ್ಟು ಬಂದದ್ದು ಅದಕ್ಕೇ. ತಾಟು ಎತ್ತಿ ಎಸೆದಿದ್ದರೆ ಮಗನೆಂದು ಒಪ್ಪುತ್ತಿದ್ದಳು.

ಮುರುಗೆಪ್ಪನಿಗೆ ನಾಲ್ಕು ಅಡಿಗೆ ಬರುತ್ತಿದ್ದವು, ನಾಲ್ಕಕ್ಕೂ ಒಂದೇ ರುಚಿ. ದೇವಕ್ಕ ಎರಡು ತುತ್ತು ಹೆಚ್ಚೇ ತಿಂದು, ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಮುರುಗೆಪ್ಪ ಕಾಯಿಪಲ್ಯ ತರಲು ಸಂತೆಪೇಟೆಗೆ ಹೋಗುತ್ತಿದ್ದ. ಅಂಥ ಒಂದು ಮಧ್ಯಾಹ್ನ ಗುರುಶಿದ್ದಪ್ಪ ಧೋತರದ ಚುಂಗು ಹಿಡಿದುಕೊಂಡು, ಆ ಕಡೆ ಈ ಕಡೆ ನೋಡುತ್ತ, ಮುಳ್ಳಿನ ದಾರಿಯಿಂದಲೇ ಲಾಯದ ಹಿಂಬಾಗಿಲಿಗೆ ಬಂದ.

“ಬುಟ್ಲೇರ, ಆ ಇಂಜಿನಿಯರ ಸಾಹೇಬಗ ನೀ ಏನೇನ ಮಾಡಿ ಹಾಕತಿದ್ದಿ?”

ಮೈಲಾರಪ್ಪ ನೆಟ್ಟಗೆ ನಿಂತು ಹೇಳತೊಡಗಿದ. ಸೂಪು, ಕಟ್ಲೇಟು, ಸುಟ್ಟ ಸಕ್ಕರೆಯ ಪುಡಿಂಗು. ಮೂರು ಬಗೆಯ ಆಮ್ಲೆಟ್ಟು. ಕೇಳುತ್ತ ಕೇಳುತ್ತ ಗುರುಶಿದ್ದಪ್ಪನ ಗಂಟಲು ಮೇಲೆ ಕೆಳಗೆ ಹೋಯಿತು.

“ಮುಂಬೈದಾಗ ನಾ ಇರಾಣಿ ಹೊಟೇಲಿನಾಗ ತಿಂತಿದ್ದೆ. ದಿನಾ ಅಲ್ಲ. ಎದಿಗೆ ಛಲೋ ಅಂತ.”

“ಎದಿಗೆ ಎಲ್ಲಾ ಛಲೋನ,” ಎಂದಳು ಮೂಲೆಯಿಂದ ದುರಗವ್ವ.

ಅವತ್ತು ಎರಡು ತತ್ತಿಯ ಆಮ್ಲೆಟ್ಟು ಆಯಿತು. ಕುದುರೆಗೆ ಮೇವು ಹಾಕುತ್ತಿದ್ದ ಮರದ ದೋಣಿಯನ್ನು ಬೋರಲು ಹಾಕಿ, ಅದರ ಮೇಲೆ ಕೂತು ಅವನು ಬೆರಳು ನೆಕ್ಕಿ ತಿಂದ. “ಶಾಬಾಸ್ ಬುಟ್ಲೇರ,” ಎಂದ. ಹದಿನೈದು ವರ್ಷದ ಬರಗಾಲ ಮುಗಿದವನ ಹಾಗೆ ಮೈಲಾರಪ್ಪನ ಮುಖ ಅರಳಿತು. ಮಾರನೆಯ ದಿನ ಮತ್ತೆ. ಅದರ ಮಾರನೆಯ ದಿನ ಮತ್ತೆ. ಮೂರನೆಯ ಶಾಬಾಸಿಗೆ 'ಕರ' ಬಾಲದ ಮಾಲಕ ತನ್ನ ಮಗನೇ ಎಂದೂ, ಕಾಗದ ಇರುವುದು ಹೆಂಡತಿಯ ಹೆಸರಿಗೆ ಎಂದೂ ಮೈಲಾರಪ್ಪ ತಾನಾಗಿಯೇ ಹೇಳಿಬಿಟ್ಟ. ಗುರುಶಿದ್ದಪ್ಪ ಆಶ್ಚರ್ಯಪಡಲಿಲ್ಲ. ವ್ಯಾಪಾರಿ, ಸರಕು ಯಾರದೆಂದು ಕೇಳದೆ ಮುಟ್ಟುವವನಲ್ಲ.

ಒಂದು ದಿನ ತಿಂದು ಮುಗಿಸಿ ನೀರು ಕೇಳಿದ. ದುರಗವ್ವ ತಂಬಿಗೆ ಕೊಟ್ಟಳು. ಆಕೆಯ ಕೈಯಿಂದಲೇ ತೆಗೆದುಕೊಂಡು ಗಟಗಟ ಕುಡಿದ.

“ನೀರು ಉಸುಕ ಉಸುಕ ಹತ್ತತೈತಲ್ಲ?”

“ಹಳ್ಳದ್ದರಿ.”

“ಯಾಕ, ಅಲ್ಲಿ ಬಾವಿ ಐತಲ್ಲ?”

“ಐತ್ರಿ. ನಾ ಮುಟ್ಟಿದ್ರ ನೀವು ಕುಡಿಯೂದಿಲ್ಲಂತ ಬಿಟ್ಟೇವಿ.”

ಗುರುಶಿದ್ದಪ್ಪ ಖಾಲಿ ತಂಬಿಗೆಯನ್ನು ಒಮ್ಮೆ ನೋಡಿದ, ಬಾಗಿಲ ಆಚೆ ಬಾವಿಯನ್ನು ಒಮ್ಮೆ ನೋಡಿದ. “ಹೌದಲ್ಲಾ,” ಎಂದ. ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡು ಮುಳ್ಳಿನ ದಾರಿ ಹಿಡಿದ.

ಶೇವಂತೆವ್ವ ಅವನು ಹೋದ ಕಡೆಗೆ ಉಗುಳಿದಳು. ದುರಗವ್ವ ಉಗುಳಲಿಲ್ಲ. ಎಂಜಲು ದಂಡ ಎಂದಳು.

ಮೇ ಕೊನೆಗೆ ನೀಲಪ್ಪ ಒಂದು ಸಂಜೆ ಹೊಸ್ತಿಲು ದಾಟಿ ಒಳಗೇ ಬಂದು ಕೂತ. ಮುಖದಲ್ಲಿ ಹಬ್ಬ ಇತ್ತು.

“ಸಾಹುಕಾರ್ರಿಗೆ ಬಂಗಲೆ ಮನಸ್ಸಿಗೆ ಬಂದೈತಿ. ಹತ್ತ ವರ್ಷ ಬಾಡಿಗಿ ಕರಾರಿಗೆ, ಲಾವಣಿಗೆ ಕೇಳ್ಯಾರ. ಅವರ ದೋಸ್ತರೂ ಬರ್ತಾರಂತ, ವರ್ಷವಿಡೀ. ಸಾಲಾ ಒಂದ ವರ್ಷದಾಗ ತೀರತೈತಿ.”

“ನಾವು?” ಎಂದಳು ಶೇವಂತೆವ್ವ.

“ನಾವು ಇಲ್ಲೇ. ಲಾಯಕ್ಕೊಂದು ಗ್ವಾಡಿ ಕಟ್ಟಿಸಿ ಮರೀ ಮಾಡ್ತಾರ. ಅಪ್ಪಗ ಕೆಲಸಾನೂ ಕೊಡ್ತಾರ. ಅಡಗಿ. ಅಂದ್ರ… ಹಿಂದ. ಯಾರಿಗೂ ಕಾಣಧಂಗ.”

“ಬಿಳೇ ಕೋಟು ಹಾಕ್ಕೋಬಹುದಾ?” ಎಂದು ಮೈಲಾರಪ್ಪ ಕೇಳಿದ.

“ಬಾವಿ?” ಎಂದಳು ದುರಗವ್ವ.

“ಬಾವಿ ಅವರ ಕಡೆ. ಕಾಗದದಾಗ ಬರದೈತಿ. ಯವ್ವ, ನಳ ಹಾಕಸ್ತೇನಿ ನಿನಗ, ಹುಬ್ಬಳ್ಳ್ಯಾಗಿಂದ ಪೈಪು ಬರಾಕತ್ತೈತಿ…”

“ಯಾವಾಗ?” ಶೇವಂತೆವ್ವ ತನ್ನ ಎರಡೂ ಅಂಗೈ ಅವನ ಮುಂದೆ ಚಾಚಿದಳು. ಉಸುಕು ಬಗೆದು ಬೆರಳ ತುದಿ ಒಡೆದಿದ್ದವು. “ಹತ್ತ ವರ್ಷ ನಾ ಹಳ್ಳಕ್ಕ ಹೋಗಲೇನು? ನಾಳಿ ಹುಟ್ಟೂ ಕೂಸಿನ ಅರಿಬೀನೂ ಅಲ್ಲೇ ಒಗೀಲೇನು?”

“ನೀ ಸುಮ್ಮನಿರು. ನಿನಗ ವ್ಯವಹಾರ ತಿಳಿಯೂದಿಲ್ಲ. ಕಾಗದ ಬರೇ ಹೆಸರಿಗೆ ಹಳೇ ಆಳಿನ ಮ್ಯಾಲೆ ಐತಿ ಅಂತ ಅವರಿಗೆ ಹೇಳೇನಿ. ನಾಳೆ ಹನ್ನೆರಡಕ್ಕ ಯವ್ವ ಹೆಬ್ಬಟ್ಟು ಒತ್ತತಾಳ, ಮುಗೀತು.”

ಒತ್ತುತ್ತೀಯಾ ಎಂದು ಅವನು ತಾಯಿಯನ್ನು ಕೇಳಲಿಲ್ಲ. ಕೇಳಬೇಕೆಂಬುದು ಹೊಳೆಯಲೂ ಇಲ್ಲ. ದುರಗವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮರುದಿನ ಹನ್ನೆರಡಕ್ಕೆ ವರಾಂಡಾದಲ್ಲಿ ಎಲ್ಲ ಸಿದ್ಧವಾಗಿತ್ತು. ಮೇಜಿನ ಮೇಲೆ ಸ್ಟಾಂಪು ಕಾಗದ, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಮಸಿಯ ಪ್ಯಾಡು. ಗುರುಶಿದ್ದಪ್ಪ ಬೆತ್ತದ ಕುರ್ಚಿಯಲ್ಲಿ, ದೇವಕ್ಕ ಇನ್ನೊಂದರಲ್ಲಿ. ಸಾಕ್ಷಿಗೆಂದು ಕರೆಸಿದ್ದ ಬಾಬುಸಾಬ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ. ಮೈಲಾರಪ್ಪ ಕೋಟು ತೊಟ್ಟು ಕಂಬದ ಹಿಂದೆ ನಿಂತಿದ್ದ, ಯಾರಿಗೂ ಕಾಣದಂತೆ.

ದುರಗವ್ವ ಲಾಯದಿಂದ ಹೊರಬಿದ್ದಳು. ಸೊಂಟದಲ್ಲಿ ಕೊಡ, ಭುಜದ ಮೇಲೆ ಹಗ್ಗ. ವರಾಂಡಾದ ಕಡೆ ಬರಲಿಲ್ಲ. ಬಾವಿಗೆ ಹೋದಳು. ರಾಟೆಯ ಮೇಲಿದ್ದ ಮುರುಗೆಪ್ಪನ ಹಗ್ಗವನ್ನು ಬಿಚ್ಚಿ ಕಟ್ಟೆಯ ಮೇಲೆ ಸುತ್ತಿಟ್ಟಳು. ತನ್ನ ಹಗ್ಗ ಏರಿಸಿ ಕೊಡ ಇಳಿಬಿಟ್ಟಳು.

“ಏ! ಏ! ಏನ ಮಾಡಾಕತ್ತಿ?” ಮುರುಗೆಪ್ಪ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದು ಹತ್ತು ಮಾರು ದೂರ ನಿಂತ. “ಕೆಡಸಿದಳಲ್ರಿ! ಎಲ್ಲಾ ಕೆಡಸಿದಳು! ನಾ ಇನ್ನ ಈ ನೀರಾಗ ಕೈ ಅದ್ದೂದಿಲ್ಲ!”

“ಯವ್ವಾ!” ಎಂದು ನೀಲಪ್ಪ ಕಿರುಚಿದ.

“ಅಂತೂ ನೆನಪಾತಲ್ಲೋ,” ಎಂದಳು ದುರಗವ್ವ. ಕೊಡ ಮೇಲೆ ಬಂತು. ಅದನ್ನು ಕಟ್ಟೆಯ ಮೇಲಿಟ್ಟು ವರಾಂಡಾದ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು: “ಸಾಹುಕಾರ್ರ, ಇವತ್ತು ಮಧ್ಯಾಹ್ನ ಎರಡ ತತ್ತಿ ಒಡೀಬೇಕೋ, ಮೂರೋ? ಹಳ್ಳದ ನೀರು ಉಸುಕ ಹತ್ತತೈತಿ ಅಂತಿದ್ರಿ. ಅದಕ್ಕ ನಿಮ್ಮ ಸಲುವಾಗಿ ಬಾವಿ ನೀರಾ ಒಯ್ಯಾಕ ಬಂದೆ.”

ಮುರುಗೆಪ್ಪನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಬಾಬುಸಾಬ ಮೊಣಕಾಲ ನಡುವೆ ಮುಖ ಹುದುಗಿಸಿದ, ಭುಜಗಳು ಅಲುಗುತ್ತಿದ್ದವು. ಗುರುಶಿದ್ದಪ್ಪ ಕಾಗದದ ಮೇಲಿನ ಕಲ್ಲನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

ಮಾತಾಡಿದವಳು ದೇವಕ್ಕ. ದನಿ ಏರಿಸಲಿಲ್ಲ.

“ಮೂರು ಒಡಿ. ಎರಡ ತಿಂದ್ರ ಸಂಜೀತನಕಾ ಸಿಡಿಸಿಡಿ ಮಾಡ್ತಾರ.”

ದುರಗವ್ವ ನೋಡಿದಳು.

“ನನಗ ಗೊತ್ತಿಲ್ಲಂತ ತಿಳದಿಯೇನು? ಅವರ ಧೋತರದ ಚುಂಗಿಗೆ ದಿನಾ ಎಣ್ಣಿ ಹತ್ತಿರತೈತಿ. ಮುಂಬೈದಾಗೂ ಹಂಗ. ಹಿಂದ ತಿನ್ನೂದು ಬ್ಯಾರೆ, ಮುಂದ ಸೇದೂದು ಬ್ಯಾರೆ. ಇಷ್ಟ ವಯಸ್ಸಾಗೇತಿ, ಅಷ್ಟ ತಿಳಿಯೂದಿಲ್ಲೇನು ನಿನಗ?”

ಇವರಿಗೆ ನಾಚಿಕೆಯಾದೀತು ಎಂದು ಇಡೀ ರಾತ್ರಿ ಲೆಕ್ಕ ಹಾಕಿದ್ದಳು ದುರಗವ್ವ. ಇಲ್ಲದ ವಸ್ತುವಿನ ಮೇಲೆ ಕೈ ಹಾಕಿದ್ದೆನೆಂದು ಈಗ ಗೊತ್ತಾಯಿತು. ಇವರಿಗೆ ಎಲ್ಲ ಗೊತ್ತಿತ್ತು, ಮೊದಲಿನಿಂದ, ಎಲ್ಲರಿಗೂ. ಗೊತ್ತಿದ್ದೇ ಉಣ್ಣುತ್ತಿದ್ದರು, ಗೊತ್ತಿದ್ದೇ ಉಗುಳುತ್ತಿದ್ದರು. ತನ್ನ ಮಗನೊಬ್ಬ ಮಾತ್ರ ತಾನು ಮುಚ್ಚಿಟ್ಟಿದ್ದೇನೆಂದು ನಂಬಿಕೊಂಡು ಹೊಸ ಪ್ಯಾಂಟಿನಲ್ಲಿ ಬೆವರುತ್ತ ನಿಂತಿದ್ದ.

“ಆತು, ಹೋಗ್ಲಿ ಬಿಡ್ರಿ,” ಎಂದ ಗುರುಶಿದ್ದಪ್ಪ ದೊಡ್ಡ ಮನಸ್ಸು ಮಾಡಿ. “ನಾಳೆ ನಾಕ ಮಂದೀನ ಹಚ್ಚಿ ನೀರೆಲ್ಲಾ ಎತ್ತಿ ಹಾಕಸಿದ್ರ ಶುದ್ಧ ಆಕ್ಕೈತಿ. ಬಾ ಮುದುಕಿ, ಹೆಬ್ಬಟ್ಟು ಒತ್ತು. ತಡಾ ಮಾಡಬ್ಯಾಡ.”

“ಒತ್ತತೇನಿ, ತಡೀರಿ. ಕೈ ಹಸಿ ಐತಿ,” ಎಂದಳು ದುರಗವ್ವ.

ಕೊಡ ಎತ್ತಿ ನೀರನ್ನು ನೆಲಕ್ಕೆ ಸುರುವಿದಳು. ಮತ್ತೆ ಇಳಿಬಿಟ್ಟಳು. ರಾಟೆ ಕಿರುಗುಟ್ಟಿತು.

“ಒರಸ್ಕೋ ಯವ್ವ, ಸೆರಗಿಲೆ,” ಎಂದ ನೀಲಪ್ಪ.

“ಸೆರಗೂ ಹಸಿ ಐತೋ.”

ಎರಡನೆಯ ಕೊಡ. ಮೂರನೆಯದು. ಕಾಯುವುದು ಅವರಿಗೆ ಹೊಸದು. ಹೇಗೆ ಕೂರಬೇಕೆಂದು ತಿಳಿಯದೆ ಗುರುಶಿದ್ದಪ್ಪ ಕುರ್ಚಿಯಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳಿದ. ಶೇವಂತೆವ್ವ ಲಾಯದಿಂದ ಇನ್ನೆರಡು ಕೊಡ, ಒಂದು ಬುಟ್ಟಿ ಒಗೆಯುವ ಬಟ್ಟೆ ತಂದು ಬಾವಿಯ ಹತ್ತಿರ ಇಟ್ಟಳು. ಗಂಡನ ಕಡೆ ನೋಡಲಿಲ್ಲ.

“ಅತ್ತೀ, ನಾ ಸೇದತೇನಿ, ನೀವು ದಣದೀರಿ.”

“ದಣದಿಲ್ಲ. ನೀ ತುಂಬಿದ್ದು ಒಯ್ಯಿ.”

ಬಿಸಿಲು ವರಾಂಡಾದ ಮೇಜಿನವರೆಗೆ ಏರಿತು. ಅಮರಗೋಳದ ಒಣ ಹವಾ ಬೀಸುತ್ತಲೇ ಇತ್ತು. ಅರ್ಧ ತಾಸಾದ ಮೇಲೆ ಬಾಬುಸಾಬ ಎದ್ದು, ಮಸಿಯ ಪ್ಯಾಡಿನ ಮೇಲೆ ಬೆರಳಿಟ್ಟು ನೋಡಿದ. ಬೆರಳಿಗೆ ಏನೂ ಹತ್ತಲಿಲ್ಲ.

“ಒಣಗಿ ಹೋಗೇತ್ರಿ ಇದು,” ಎಂದ. “ಎರಡ ಹನಿ ನೀರು ಹಾಕಬೇಕು.”

ಗುರುಶಿದ್ದಪ್ಪ ಮುರುಗೆಪ್ಪನನ್ನು ನೋಡಿದ. ಮುರುಗೆಪ್ಪ ದೇವಕ್ಕನನ್ನು ನೋಡಿದ. ದೇವಕ್ಕ ಬಾವಿಯ ಕಟ್ಟೆಯ ಮೇಲೆ ತುಂಬಿ ನಿಂತಿದ್ದ ಕೊಡಗಳನ್ನು ನೋಡಿದಳು. ಯಾರೂ ಏಳಲಿಲ್ಲ.